ಭಾವನ ಮನಃಶಾಂತಿ

ನಮ್ಮ ಭಾವ ನಗುವಾಗ ತುಟಿ ಮಾತ್ರ ನಗುತ್ತಿತ್ತು. ಹಣೆಯ ಎಡಪಕ್ಕದಲ್ಲಿ ಎರೆಹುಳದಂಥ ಒಂದು ನೀಲಿ ನರ ಉಬ್ಬಿಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ಕಾಲೇಜಿನ ಮೇಷ್ಟರಾಗಿದ್ದಷ್ಟು ಕಾಲ ಆ ನರ ಮಾತ್ರ ಇತ್ತು, ನಗು ಇರಲಿಲ್ಲ. ನಿವೃತ್ತರಾದ ಮೇಲೆ ಯಾವುದೋ ಧ್ಯಾನಶಿಬಿರಕ್ಕೆ ಹೋಗಿ, ಮಾತುಬಿಟ್ಟು ಕೂತಿದ್ದು, ಬರುವಾಗ ಆ ನಗುವನ್ನು ತಂದರು. ಯಲಹಂಕದ ಅವರ ಬಡಾವಣೆಯವರೆಲ್ಲ ಮರುಳಾದರು. ನಾನು ಆಗಲಿಲ್ಲ.

ಯಾಕೆಂದರೆ ಹಳೆಯ ಭಾವನನ್ನು ನಾನು ಬಲ್ಲೆ. ಸಾರಿಗೆ ಉಪ್ಪು ಹೆಚ್ಚಾದರೆ ಅವರು ಮಾತಾಡುತ್ತಿರಲಿಲ್ಲ, ತಟ್ಟೆಯನ್ನು ಗೋಡೆಗೆ ಎಸೆಯುತ್ತಿದ್ದರು. ನಮ್ಮಕ್ಕ ಒದ್ದೆಬಟ್ಟೆ ತಂದು ಗೋಡೆ ಒರೆಸಿ, ಇನ್ನೊಂದು ತಟ್ಟೆ ಹಾಕಿ ಬಡಿಸುತ್ತಿದ್ದಳು. ಹುಣಸಮಾರನಹಳ್ಳಿ ಹತ್ತಿರ ರಸ್ತೆಬದಿಯಲ್ಲಿ ಕೊಂಡ ಫೈಬರ್ ಬುದ್ಧನನ್ನು ಭಾವ ಅದೇ ಗೋಡೆಗೆ ಒರಗಿಸಿ ಕೂರಿಸಿದರು. ಅರಿಶಿನದ ಕಲೆ ಬುದ್ಧನ ಬೆನ್ನ ಹಿಂದೆ ಮರೆಯಾಯಿತು. ಮನೆಗೆ ಬಂದವರು ಎಷ್ಟು ಪ್ರಶಾಂತವಾಗಿದೆ ಅನ್ನುತ್ತಿದ್ದರು.

ಬುದ್ಧನ ಮೇಲೆ ನನಗೆ ಸಿಟ್ಟಿಲ್ಲ. ಭಾವ ಒತ್ತಾಯ ಮಾಡಿ ಕೊಟ್ಟ ಪುಸ್ತಕಗಳನ್ನು ನಾನು ಅವರಿಗಿಂತ ಶ್ರದ್ಧೆಯಿಂದಲೇ ಓದಿದ್ದೇನೆ. ನಿನ್ನ ಮನಸ್ಸನ್ನು ನೀನೇ ನೋಡಿಕೋ ಅಂದವನು ಅವನು. ಭಾವ ಮಾತ್ರ ಗುಡಿಸಿ ಸಾರಿಸಿದ ಜಗಲಿಯನ್ನಷ್ಟೇ ನೋಡಿಕೊಂಡು ಕೂತರು, ಹಿತ್ತಲ ಬಾಗಿಲು ತೆಗೆಯಲಿಲ್ಲ. ‘ನಾನು’ ಅನ್ನೋದೇ ಭ್ರಮೆ ಅಂತ ಎಲ್ಲರಿಗೂ ಬೋಧಿಸುತ್ತಿದ್ದರು. ಆದರೆ ಬಿಸಿ ದೋಸೆ ಮೊದಲು ಆ ಭ್ರಮೆಯ ತಟ್ಟೆಗೇ ಬೀಳಬೇಕಿತ್ತು. “ಹಳೇದನ್ನೆಲ್ಲ ಬಿಟ್ಟುಬಿಟ್ಟಿದೀನಿ ಕಣಮ್ಮ, ಮನಸ್ಸು ಹಗುರಾಗಿದೆ,” ಅಂತ ನನಗೊಮ್ಮೆ ಹೇಳಿದರು. ಏಟು ತಿಂದವರು ಬಿಡಬೇಕಾದದ್ದನ್ನು ಏಟು ಕೊಟ್ಟವರು ಬಿಟ್ಟುಬಿಟ್ಟರೆ ಹಗುರಾಗದೆ ಇನ್ನೇನು!

ಅವರು ಬಿಟ್ಟಿದ್ದರಲ್ಲಿ ಮುಖ್ಯವಾದದ್ದು ಒಬ್ಬಳೇ ಮಗಳು. ಶಿಬಿರಕ್ಕೂ ಮುಂಚಿನ ಮಾತು, ವೀಣಾ ತನ್ನ ಜೊತೆಗೆ ಓದಿದ ಮುಸ್ಲಿಂ ಹುಡುಗನನ್ನು ಮದುವೆಯಾಗುತ್ತೇನೆ ಅಂದ ದಿನ ಭಾವ ಅವಳ ಕೆನ್ನೆಗೆ ಹೊಡೆದು, ಜುಟ್ಟು ಹಿಡಿದು ಗೇಟಿನ ಆಚೆ ತಳ್ಳಿದ್ದರು. ಅವಳು ಬ್ಯಾಟರಾಯನಪುರದ ನಮ್ಮ ಮನೆಗೆ ಬಂದಳು. ರಿಜಿಸ್ಟರ್ ಮದುವೆಗೆ ಸಾಕ್ಷಿ ಹಾಕಿದವಳು ನಾನೇ. ಆಮೇಲೆ ಅವಳು ಆರ್.ಟಿ. ನಗರದಲ್ಲಿ ಗಂಡ, ಅತ್ತೆಯ ಜೊತೆ ಸಂಸಾರ ಹೂಡಿದಳು. ಅಳಿಯನಿಗೆ ಅಲ್ಲೇ ಟೈಲ್ಸ್ ಅಂಗಡಿ. ಯಲಹಂಕದಿಂದ ಒಂದು ಬಸ್ಸಿನ ದೂರ. ಭಾವ ಅವಳ ಹೆಸರೆತ್ತುವುದನ್ನೇ ನಿಲ್ಲಿಸಿದರು. ಕೇಳಿದವರಿಗೆ, “ಬಂಧನಗಳಿಂದ ಆಚೆ ಬಂದಿದೀನಿ,” ಅನ್ನುತ್ತಿದ್ದರು.

ಇಂಥವರ ಹಾಲ್‌ನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಮೈತ್ರಿಧ್ಯಾನ. ಬಡಾವಣೆಯ ನಿವೃತ್ತರು, ಮಂಡಿನೋವಿನ ಹೆಂಗಸರು ಚಾಪೆ ಹಿಡಿದು ಬರುತ್ತಿದ್ದರು. ಎಲ್ಲರಿಗೂ ನಿಂಬೆ ಟೀ ಮಾಡುವುದು ಅಕ್ಕನ ಪಾಲಿನ ಸಾಧನೆ.

ವೀಣಾಗೆ ಹೆರಿಗೆಯಾದ ಸುದ್ದಿ ನನಗೆ ಬಂದದ್ದು ಒಂದು ಭಾನುವಾರವೇ. ಆಟೋ ಮಾಡಿಕೊಂಡು ನೇರ ಅಕ್ಕನ ಮನೆಗೆ ಹೋದೆ. ಭಾವ ಕಣ್ಣು ಮುಚ್ಚಿಕೊಂಡು ಹೇಳಿಕೊಡುತ್ತಿದ್ದರು: “ಮೊದಲು ನಿಮಗೆ ನೀವು ಸುಖ ಬಯಸಿ. ಆಮೇಲೆ ನಿಮ್ಮವರಿಗೆ. ಆಮೇಲೆ ನಿಮ್ಮನ್ನ ನೋಯಿಸಿದವರಿಗೆ. ಈಗ ಸಕಲ ಜೀವಿಗಳಿಗೆ...”

ಅಡುಗೆಮನೆಯಲ್ಲಿ ಅಕ್ಕನ ಕಿವಿಯಲ್ಲಿ ಸುದ್ದಿ ಹೇಳಿದೆ. ಅವಳು ಟೀ ಲೋಟಗಳ ತಟ್ಟೆಯನ್ನು ಕೈಯಲ್ಲಿ ಹಿಡಿದೇ ಹಾಲ್‌ಗೆ ಹೋಗಿ ನಿಂತಳು. ಗಂಡನ ಎದುರು ಅವಳು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ರೀ, ಸಕಲ ಜೀವಿಗಳು ಅಂದ್ರಲ್ಲ, ಆರ್.ಟಿ. ನಗರದವ್ರೂ ಸೇರಿದ್ರಾ?”

ಕೂತವರು ಕಣ್ಣು ಬಿಟ್ಟರು. ಇದೂ ಪಾಠದ ಭಾಗವೇನೋ ಎಂದುಕೊಂಡ ಒಬ್ಬರು ತಲೆಯಾಡಿಸಿದರು. ಭಾವ ಕಣ್ಣು ತೆರೆಯಲಿಲ್ಲ. ನರ ಹೊಡೆದುಕೊಳ್ಳುತ್ತಿತ್ತು.

“ನಿಮ್ಮ ಮಗಳಿಗೆ ಹೆಣ್ಣು ಮಗು ಆಗಿದೆ. ಬಾಣಂತನಕ್ಕೆ ಹೊರಟೆ. ಬರ್ತೀರಾ?”

ಭಾವ ಅದೇ ಮೃದುವಾದ ದನಿಯಲ್ಲಿ, “ಎಲ್ಲರೂ ಉಸಿರಿನ ಕಡೆ ಗಮನ ಕೊಡಿ,” ಅಂದರು.

ಅಕ್ಕ ತಟ್ಟೆಯನ್ನು ಬುದ್ಧನ ಮುಂದಿಟ್ಟು, ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ನನ್ನ ಜೊತೆ ಆಟೋ ಹತ್ತಿದಳು.

ಮುಂದಿನ ವಾರಗಳಲ್ಲಿ ಧ್ಯಾನಕ್ಕೆ ಬರುವವರು ಕಡಿಮೆಯಾದರಂತೆ. ಶಾಂತಿ ಬೇಕಾಗಿ ಬಂದವರಿಗೆ ಗುರುಗಳ ಮನೆಯ ರಂಪ ಯಾಕೆ? ಒಂದು ಮಧ್ಯಾಹ್ನ ಭಾವ ನನ್ನ ಬಾಗಿಲಲ್ಲಿ ನಿಂತಿದ್ದರು. ಗಡ್ಡ ಬಿಟ್ಟಿದ್ದರು, ಅಂಗಿ ಇಸ್ತ್ರಿ ಕಂಡಿರಲಿಲ್ಲ. ಒಳಗೆ ಕರೆದು ಬಡಿಸಿದ ಅನ್ನ ತಿನ್ನುವ ರಭಸ ನೋಡಿದರೆ ಎರಡು ಹೊತ್ತಿನಿಂದ ಉಂಡಂತಿರಲಿಲ್ಲ. ಲೋಕಕ್ಕೆ ದಾರಿ ತೋರಿಸುವವರಿಗೆ ಗ್ಯಾಸ್ ಒಲೆ ಹಚ್ಚಲು ಬರುತ್ತಿರಲಿಲ್ಲ. ನನಗೆ ಕನಿಕರವೇನೂ ಹುಟ್ಟಲಿಲ್ಲ. ಕೈ ತೊಳೆದು ಬಂದವರು ತಲೆ ತಗ್ಗಿಸಿಕೊಂಡೇ ಹೇಳಿದರು: “ಕಣ್ಣು ಮುಚ್ಚಿದ್ರೆ ಗೇಟಿನಾಚೆ ಅವಳೇ ಕಾಣ್ತಾಳೆ ಕಣಮ್ಮ. ಇವತ್ತು ನಿನ್ನೆದಲ್ಲ, ಮೊದಲನೇ ಶಿಬಿರದಿಂದ್ಲೂ.”

“ಕಂಡ್ರೆ ಹೋಗಿ ನೋಡ್ಕೊಂಡ್ ಬನ್ನಿ ಭಾವ.”

“ಹೋದ್ರೆ... ನಾನು ಮಾಡಿದ್ದು ತಪ್ಪು ಅಂತ ಆಗ್ಬಿಡುತ್ತೆ.”

ಅಷ್ಟು ಉಪನ್ಯಾಸ ಕೊಟ್ಟ ಬಾಯಿಂದ ನಾನು ಕೇಳಿದ ಮೊದಲ ನಿಜ ಅದು. “ಚಪ್ಪಲಿ ಹಾಕ್ಕೊಳ್ಳಿ,” ಅಂದೆ.

ಆರ್.ಟಿ. ನಗರದಲ್ಲಿ ಬಾಗಿಲು ತೆಗೆದವನು ಅಳಿಯ. ಒಂದು ಕ್ಷಣ ತಬ್ಬಿಬ್ಬಾಗಿ, “ಬನ್ನಿ ಅಂಕಲ್, ಕೂತ್ಕೊಳಿ,” ಅಂದ. ಅವನ ತಾಯಿ ಸೆರಗು ತಲೆಗೆಳೆದುಕೊಂಡು, ಅವರ ಉರ್ದುವಿನಲ್ಲಿ ಒಳಗೆ ಏನೋ ಕೂಗಿ ಹೇಳಿದರು. ಅಕ್ಕ ಒಳಬಾಗಿಲ ಹತ್ತಿರ ಬಂದು ನಿಂತಳು. ಅವಳ ಹಿಂದೆಯೇ ವೀಣಾ ಮಗುವನ್ನು ಎದೆಗವಚಿಕೊಂಡು ಬಂದಳು.

ಭಾವ ಗಂಟಲು ಸರಿಮಾಡಿಕೊಂಡರು. “ನೋಡಮ್ಮ, ಕೋಪ ಅನ್ನೋದು ಅನಿತ್ಯ. ಬರುತ್ತೆ, ಹೋಗುತ್ತೆ...”

“ಅಪ್ಪಾ, ಪಾಠ ಬೇಡ,” ಅಂದಳು ವೀಣಾ. “ಕೋಪ ಬಂದು ನನ್ನನ್ನ ಆಚೆ ತಳ್ಳಲಿಲ್ಲ. ಯಾರು ತಳ್ಳಿದ್ದು ಅಂತ ಹೇಳಿ, ಸಾಕು.”

ಅಳಿಯ ಅತ್ತ ತಿರುಗಿ ನಿಂತ. ಭಾವನ ತುಟಿಯ ಮೇಲೆ ನಗು ಬರಲು ನೋಡಿತು, ಬರಲಿಲ್ಲ. ಬಾಯಿ ಸೊಟ್ಟಗಾಗಿ ಮುದುಕನ ಬಾಯಿಯಾಯಿತು.

“ನಾನೇ,” ಅಂದರು. “ನಾನೇ ಹೊಡೆದೆ. ನಾನೇ ತಳ್ಳಿದೆ.”

ಮಗುವಿಗಾಗಿ ಕೈ ಚಾಚಿದರು. ವೀಣಾ ಒಂದು ಹೆಜ್ಜೆ ಹಿಂದೆ ಸರಿದಳು. “ಇವತ್ತು ಬೇಡ. ಟೀ ಕುಡಿದು ಹೋಗಿ. ಇನ್ನೊಂದು ದಿನ ಬನ್ನಿ.”

ಇನ್ನೊಂದು ದಿನ ಹೋದರು, ಆಮೇಲೂ ಹೋಗುತ್ತಿದ್ದರು. ಬಸ್ಸಿಳಿದು, ಕುರ್ಚಿಯ ತುದಿಯಲ್ಲಿ ಕೂತು, ಮಗು ಮಲಗಿದ್ದನ್ನು ದೂರದಿಂದ ನೋಡಿ ಬರುತ್ತಿದ್ದರು. ಎತ್ತಿಕೊಳ್ಳಲು ಕೊಟ್ಟಿದ್ದು ಬಹಳ ತಡವಾಗಿ. ಧ್ಯಾನಕ್ಕೆ ಕೂತರೆ ಬೆವರುತ್ತಿದ್ದರಂತೆ, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲವಂತೆ. ಬಾಣಂತನ ಮುಗಿಸಿ ಮನೆಗೆ ವಾಪಸಾಗಿದ್ದ ಅಕ್ಕನೇ ಇದನ್ನು ಹೇಳಿದಳು. ಒಂದು ಸಂಜೆ ಅವಳ ಪಕ್ಕ ನಿಂತು ಪಾತ್ರೆ ಒರೆಸುತ್ತಾ, “ಆ ಗೋಡೆ ನೀನು ಎಷ್ಟು ಸಲ ಒರೆಸಿದೀಯ?” ಅಂತ ಕೇಳಿದರಂತೆ. ಅಕ್ಕ ಉತ್ತರ ಕೊಡಲಿಲ್ಲವಂತೆ. ಕೊಡದೇ ಇದ್ದದ್ದು ಸರಿಯೇ.

ಕಳೆದ ವರ್ಷ ಎದೆನೋವು ಬಂದು ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ಅವರನ್ನು ಒಳ್ಳೆಯವರಾಗಿದ್ದರು ಅನ್ನಲು ನನಗೆ ಈಗಲೂ ನಾಲಿಗೆ ಹೊರಳುವುದಿಲ್ಲ. ಆದರೆ ಒಂದು ಋಣ ಇದೆ, ಇಲ್ಲ ಅನ್ನಲಾರೆ. ಮನುಷ್ಯ ತನ್ನನ್ನು ತಾನು ನೋಡಿಕೊಳ್ಳುವುದು ಹೇಗಿರುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಅವರಲ್ಲೇ, ಅದೂ ಅವರು ಗುರುವಾಗುವುದನ್ನು ನಿಲ್ಲಿಸಿದ ಮೇಲೆ.

ತಿಥಿಯ ದಿನ ಹಳೆಯ ಭಾನುವಾರದವರೆಲ್ಲ ಬಿಳಿ ಬಟ್ಟೆ ಹಾಕಿಕೊಂಡು ಬಂದಿದ್ದರು. ಅವರಲ್ಲೊಬ್ಬರು ವೀಣಾಳ ತಲೆ ಸವರಿ, “ನಿಮ್ಮಪ್ಪ ದೊಡ್ಡ ಸಾಧಕರು ಕಣಮ್ಮ. ಪೂರ್ತಿ ಶಾಂತಿಯಿಂದ ಹೋದ್ರು,” ಅಂದರು.

“ಇಲ್ಲ ಅಂಕಲ್,” ಅಂದಳು ವೀಣಾ, ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಳ್ಳುತ್ತಾ. “ತುಂಬಾ ಸಂಕಟಪಟ್ಕೊಂಡು ಹೋದ್ರು.”

ಹಾಗೆ ಹೇಳಿದ ಮೇಲೆಯೇ ಅವಳಿಗೆ ಅಳು ಬಂದದ್ದು.