ದೊರೆಯ ಅಂಗಿಯ ಬೆನ್ನು

ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ನನ್ನ ಅಪ್ಪನನ್ನು ಎಲ್ಲರೂ ‘ದೊರೆ’ ಎಂದೇ ಕರೆಯುತ್ತಿದ್ದರು. ಅವನು ಅಲ್ಲಿ ಮಾಡುತ್ತಿದ್ದದ್ದು ಗುಮಾಸ್ತನ ಕೆಲಸ. ಲಾರಿಗೆ ಏರುವ ಪೆಟ್ಟಿಗೆಗಳನ್ನು ಎಣಿಸಿ ಚೀಟಿ ಬರೆದುಕೊಡುವುದು, ಅಷ್ಟೇ. ಆದರೆ ಬೆಳಿಗ್ಗೆ ಬೂದು ಬಣ್ಣದ ಕೋಟು, ಗರಿಗರಿ ಕಾಲರ್, ಮಿರಮಿರ ಮಿಂಚುವ ಬೂಟಿನಲ್ಲಿ ಬಂದನೆಂದರೆ ಹೊಸದಾಗಿ ಸೇರಿದ ಕಾವಲುಗಾರ ಎದ್ದು ಸಲಾಮು ಹೊಡೆಯುತ್ತಿದ್ದ. ಅಪ್ಪನೇನು ಕಡಿಮೆ ಆಸಾಮಿಯೇ? ಅವನ ತಪ್ಪನ್ನು ತಿದ್ದುವ ಗೋಜಿಗೆ ಹೋಗದೆ ತಲೆಯಾಡಿಸಿ ಒಳಗೆ ನಡೆಯುತ್ತಿದ್ದ.

ಈ ದೊರೆತನವೆಲ್ಲ ಅಮ್ಮನ ಕೈಚಳಕ. ಅವಳು ಮನೆಯಲ್ಲೇ ದಿಂಬಿನ ಚೀಲ ಹೊಲಿದು ಕೊಡುತ್ತಿದ್ದಳು. ಆ ಕೋಟು ಹಳೆ ಬಟ್ಟೆಯ ರಾಶಿಯಿಂದ ಆರಿಸಿ ತಂದದ್ದು. ಬಣ್ಣ ಪೂರಾ ಮಾಸಿತ್ತು. ಅಮ್ಮ ಹೊಲಿಗೆಯನ್ನೆಲ್ಲ ಬಿಚ್ಚಿ, ಬಿಸಿಲು ಕಾಣದ ಒಳಮೈಯನ್ನು ಹೊರಗೆ ತಂದು ಮತ್ತೆ ಹೊಲಿದಿದ್ದಳು. ಅಂಗಿಯ ವಿಷಯದಲ್ಲಂತೂ ಅವಳ ಲೆಕ್ಕಾಚಾರವೇ ಬೇರೆ. ಕೋಟಿನ ಹೊರಗೆ ಕಾಣುವುದು ಕಾಲರ್, ಎದೆ, ತೋಳಿನ ತುದಿ. ಒಳ್ಳೆಯ ಬಟ್ಟೆ ಅಷ್ಟಕ್ಕೆ ಸಾಕು. ಬೆನ್ನಿಗೆ ಹಿಟ್ಟಿನ ಚೀಲ. ಚೀಲದ ಮೇಲಿನ ಕೆಂಪು ಅಕ್ಷರಗಳು ಎಷ್ಟು ಕುದಿಸಿದರೂ ಹೋಗುತ್ತಿರಲಿಲ್ಲ. ಅಪ್ಪನ ಎರಡು ಭುಜಗಳ ನಡುವೆ ‘ತಂಪಾದ ಜಾಗದಲ್ಲಿಡಿ’ ಎಂದು ಬರೆದಿರುತ್ತಿತ್ತು. ನಾನು ಅದನ್ನು ಜೋರಾಗಿ ಓದುತ್ತಿದ್ದೆ, ಮೂವರೂ ನಗುತ್ತಿದ್ದೆವು.

ಅಪ್ಪ ಕೂರುತ್ತಿದ್ದ ಕೋಣೆ ಕುಲುಮೆಯ ಪಕ್ಕದಲ್ಲೇ ಇತ್ತು. ಮಿಕ್ಕವರು ಬನಿಯನ್ನಿನಲ್ಲಿ ಕೂತು ಬೀಸಣಿಗೆ ಬೀಸಿಕೊಂಡರೂ ಅಪ್ಪ ಕೋಟು ಬಿಚ್ಚುವಂತಿರಲಿಲ್ಲ. ಬೆವರಿನಿಂದ ತೊಯ್ದು ತೊಪ್ಪೆಯಾಗಿ ಮನೆಗೆ ಬರುತ್ತಿದ್ದ. ಜನ ಅದನ್ನು ಗತ್ತು ಎಂದುಕೊಂಡರು. ಊರ ಕಡೆ ಆಸ್ತಿ ಇದೆಯಂತೆ ಎಂದು ಯಾರೋ ಹುಟ್ಟಿಸಿದ ಸುದ್ದಿಗೆ ಕೈಕಾಲೂ ಬಂತು.

ಆ ವರ್ಷ ಎಲ್ಲ ಕಡೆ ವ್ಯಾಪಾರ ನೆಲ ಕಚ್ಚಿತು. ಬಾಟಲಿ ಕೇಳುವವರಿಲ್ಲ. ಕಚೇರಿಯ ಅರ್ಧ ಜನರನ್ನು ತೆಗೆಯಬೇಕಾಯಿತು. ಮ್ಯಾನೇಜರು ಕೆಟ್ಟವನಲ್ಲ, ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿ, ಮನೆಯಲ್ಲಿ ಕಷ್ಟ ಹೆಚ್ಚಿದ್ದವರನ್ನು ಉಳಿಸಿಕೊಳ್ಳುವುದಾಗಿ ಹೇಳಿದ. ಮಾತಾಡಿಸುವ ದಿನ ಇಡೀ ಕಚೇರಿಯೇ ಹರಕಲು ಬಟ್ಟೆಯಲ್ಲಿ ಬಂತು. ಎರಡು ಮನೆ ಬಾಡಿಗೆಗೆ ಕೊಟ್ಟಿದ್ದ ಕ್ಯಾಷಿಯರ್ ಕೂಡ ಹೆಬ್ಬೆರಳು ಇಣುಕುವ ಬೂಟನ್ನು ಎಲ್ಲಿಂದಲೋ ಹುಡುಕಿ ಹಾಕಿಕೊಂಡಿದ್ದನಂತೆ.

ಅಮ್ಮ ಬೆಳಿಗ್ಗೆಯೇ ಕೋಟನ್ನು ಅಡಗಿಸಿಟ್ಟಿದ್ದಳು. ಇವತ್ತೊಂದು ದಿನ ಬರೀ ಅಂಗಿಯಲ್ಲಿ ಹೋಗಿ ಎಂದು ಕೈಮುಗಿಯುವುದೊಂದು ಬಾಕಿ.

“ಕೆಲಸ ಕೇಳೋಕೆ ಹೋಗ್ತಿದೀನಿ ಕಣೇ, ಭಿಕ್ಷೆಗಲ್ಲ. ಕೋಟು ಕೊಡು” ಎಂದ ಅಪ್ಪ.

ಮ್ಯಾನೇಜರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಮಗೇನು ಬಿಡಿ ದೊರೆ, ಹೇಗೋ ನಡೆಯುತ್ತದೆ ಎಂದು ನಗುತ್ತಲೇ ಹೆಸರು ಹೊಡೆದುಹಾಕಿದ. ಅಪ್ಪನೂ ನಗುತ್ತಲೇ ಎದ್ದು ಬಂದನಂತೆ. ಮನೆಗೆ ಬಂದವನು ಕೋಟನ್ನು ಕೂಡ ಬಿಚ್ಚದೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಮುಂದಿನ ಎರಡು ತಿಂಗಳು ಒಲೆ ಹೊತ್ತುವುದು ದಿನಕ್ಕೊಂದು ಸಲ. ಅಪ್ಪ ಮಾತ್ರ ಅದೇ ಕೋಟಿನಲ್ಲಿ ಕೆಲಸ ಹುಡುಕಿಕೊಂಡು ಬೀದಿ ಬೀದಿ ಅಲೆದ. ನನಗೆ ಆಗ ಹನ್ನೆರಡು. ಎಲ್ಲ ಗೊತ್ತಿದೆ ಎಂದುಕೊಳ್ಳುವ ವಯಸ್ಸು. ಒಂದು ಮಧ್ಯಾಹ್ನ ಹಗ್ಗದ ಮೇಲೆ ಒಣಗಿದ್ದ ಅಂಗಿಯನ್ನು ಸುತ್ತಿಕೊಂಡು ಯಾರಿಗೂ ಹೇಳದೆ ಕಾರ್ಖಾನೆಗೆ ಹೋದೆ. ಮ್ಯಾನೇಜರ ಮೇಜಿನ ಮೇಲೆ ಅದನ್ನು ಬೆನ್ನು ಮೇಲಾಗಿ ಹರಡಿದೆ.

“ನಮ್ಮಪ್ಪ ಕೋಟು ಬಿಚ್ಚದೆ ಇದ್ದಿದ್ದು ಇದಕ್ಕೆ” ಎಂದೆ.

ಮ್ಯಾನೇಜರು ಆ ಕೆಂಪು ಅಕ್ಷರಗಳನ್ನು ತುಂಬಾ ಹೊತ್ತು ನೋಡಿದ. ಕಣ್ಣು ಒರೆಸಿಕೊಂಡ. ಆಮೇಲೆ ಕ್ಯಾಷಿಯರನ್ನು ಕರೆದ, ಇನ್ನಿಬ್ಬರನ್ನು ಕರೆದ. ನೋಡ್ರಪ್ಪ, ಈ ಮನುಷ್ಯನನ್ನು ನಾವು ಏನೆಂದುಕೊಂಡಿದ್ದೆವು ಎಂದ. ಅಂಗಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಲೊಚಗುಟ್ಟಿದರು. ನಾನು ಮೂಲೆಯಲ್ಲಿ ನಿಂತು ಹೆಮ್ಮೆಯಿಂದ ಬೀಗುತ್ತಿದ್ದೆ.

ಮೂರನೆಯ ದಿನ ಕಾರ್ಖಾನೆಯಿಂದ ಕಾಗದ ಬಂತು. ಅಪ್ಪ ಅದನ್ನು ಎರಡೆರಡು ಸಲ ಓದಿ, ನನ್ನಂಥ ಕೆಲಸಗಾರ ಬೇಕೆಂದು ಅವರಿಗೆ ಈಗ ಗೊತ್ತಾಯಿತು ನೋಡು ಎಂದು ಅಮ್ಮನಿಗೆ ಹೇಳಿದ. ಬೂಟಿಗೆ ಪಾಲಿಶ್ ಹಾಕುತ್ತಾ ಗುನುಗುನು ಹಾಡಿಕೊಂಡ.

ಕೆಲಸಕ್ಕೆ ಹೋಗಿ ಸಂಜೆ ಬಂದಾಗ ಅವನ ಕಂಕುಳಲ್ಲೊಂದು ಗಂಟಿತ್ತು. ಬಿಚ್ಚಿದರೆ ಐದು ಹಳೆ ಅಂಗಿ, ಕ್ಯಾಷಿಯರ್ ತೊಟ್ಟು ಬಿಟ್ಟವು. ಎಲ್ಲರ ಎದುರಿಗೆ ಬೆನ್ನು ತಟ್ಟಿ ಕೊಟ್ಟನಂತೆ.

“ಯಾರು ಹೋಗಿದ್ದು?” ಎಂದು ಅಪ್ಪ ಮೆಲ್ಲಗೆ ಕೇಳಿದ. ಅಮ್ಮ ನನ್ನತ್ತ ನೋಡಿದಳು. ನಾನೇ ಎಂದೆ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಊಟ ಆಯಿತಾ ಎಂದು ಮಾತ್ರ ಕೇಳಿದ.

ಮರುದಿನ ಬೆಳಿಗ್ಗೆ ಅಮ್ಮ ಎಂದಿನಂತೆ ಕೋಟಿಗೆ ಇಸ್ತ್ರಿ ಹಾಕಿ ಹಿಡಿದುಕೊಂಡು ನಿಂತಳು.

“ಬೇಡ ಬಿಡು” ಎಂದ ಅಪ್ಪ. “ಒಳಗೇನಿದೆ ಅಂತ ಅವರೆಲ್ಲ ನೋಡಾಯ್ತಲ್ಲ.”

ಗಂಟಿನಿಂದ ಕೈಗೆ ಸಿಕ್ಕ ಅಂಗಿಯನ್ನು ಎಳೆದು ತೊಟ್ಟುಕೊಂಡ. ತೋಳು ಬೆರಳಿನವರೆಗೆ ಬಂತು. ಎರಡು ನಿಮಿಷ ಕೊಡಿ, ಮಡಿಸಿ ಹೊಲಿದುಬಿಡುತ್ತೇನೆ ಎಂದು ಅಮ್ಮ ಸೂಜಿ ಹುಡುಕಿದಳು. ಹೀಗೇ ಇರಲಿ ಎಂದು ಅಪ್ಪ ಹೊರಟೇಬಿಟ್ಟ. ಬಾಗಿಲ ಹಿಂದೆ ನಿಂತು ನೋಡುತ್ತಿದ್ದ ನಾನು ಅತ್ತುಬಿಟ್ಟೆ.

ಆ ಕೆಲಸದಲ್ಲಿ ಅವನು ಇನ್ನೂ ಹದಿನೇಳು ವರ್ಷ ಇದ್ದ. ನನ್ನ ಓದು, ಮದುವೆ ಎಲ್ಲ ಅದರಿಂದಲೇ ನಡೆಯಿತು. ನಾನು ಮಾಡಿದ್ದು ತಪ್ಪು ಎಂದು ಇವತ್ತಿಗೂ ಹೇಳಲಾರೆ. ಆದರೆ ಆ ಹದಿನೇಳು ವರ್ಷದಲ್ಲಿ ಒಂದು ದಿನವೂ ಅಪ್ಪನ ಮುಖ ನೋಡಿಕೊಂಡು ಊಟ ಮಾಡಿದ ನೆನಪು ನನಗಿಲ್ಲ.