ನಾವು ಮೈಕ್‌ಸೆಟ್ ಆರಿಸಿದ್ದು

ಕಳೆದ ವಾರ ಇಂಡಿ ಪಟ್ಟಣದಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ರಾಳ ಸುಟ್ಟ ಆ ವಾಸನೆಗೆ ಮೈಕಿನ ಕಾಕಾ ನೆನಪಾದರು.

ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ, ರಿಪೇರಿಯನ್ನೂ ಮಾಡುವ ಅವರ ಅಂಗಡಿ. ಎರಡು ಆಂಪ್ಲಿಫೈಯರ್, ನಾಲ್ಕು ತಗಡಿನ ಹಾರ್ನ್, ಒಂದು ಲಾರಿ ಬ್ಯಾಟರಿ... ಮದುವೆಗೂ ಅವರೇ, ಚುನಾವಣೆಗೂ ಅವರೇ. ತೊಂಬತ್ತರ ದಶಕದ ಕೊನೆಯ ಮಾತು. ನಾನು ಶಾಲೆಯ ಶಿಕ್ಷಕಿ, ಜೊತೆಗೆ ಮಹಿಳಾ ಸಂಘಗಳ ಕಾರ್ಯದರ್ಶಿ. ಸಾರಾಯಿ ಅಂಗಡಿ ಮುಚ್ಚಿಸಿರೆಂದು ಅಧಿಕಾರಿಗಳಿಗೆ ಹೆಣ್ಣುಮಕ್ಕಳಿಂದಲೇ ಹೇಳಿಸಲು ಒಂದು ಸಮಾವೇಶ ಮಾಡಬೇಕಿತ್ತು.

ಕಾಕಾ ತಾವಾಗಿಯೇ ಬಂದು ಕೆಲಸ ಕೇಳಿದರು. ಅಷ್ಟರಲ್ಲಿ ಸೊಲ್ಲಾಪುರದವನೊಬ್ಬ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳ ಫೋಟೋ ತೋರಿಸಿ ಹೋಗಿದ್ದ. ಅದರ ಮುಂದೆ ತಗಡಿನ ಹಾರ್ನ್ ನನಗೆ ನಾಚಿಕೆ ಅನ್ನಿಸಿತು.

"ಕಮಿಟಿಯವ್ರು ಅವನನ್ನ ಠರಾಯಿಸ್ಯಾರ್ರೀ ಕಾಕಾ," ಎಂದೆ. ಹಾಗೆ ತೀರ್ಮಾನಿಸಿದವಳು ನಾನೊಬ್ಬಳೇ.

ಸಮಾವೇಶದಲ್ಲಿ ಮೊದಲು ಮಾತಾಡಬೇಕಾದವಳು ಹೊರ್ತಿ ಕಡೆಯ ಹಳ್ಳಿಯ ಒಬ್ಬ ವಿಧವೆ. "ಅಣ್ಣಾರ..." ಎಂದಳು. ಆ ಪೆಟ್ಟಿಗೆಗಳು ಅದನ್ನೇ ಮೂರು ಸಲ ಗುಡುಗಿದವು. ಬೆಚ್ಚಿ ಹಿಂದೆ ಸರಿದಳು. ಜನ ನಕ್ಕರು. ಸೆರಗಿನಲ್ಲಿ ಮುಖ ಮುಚ್ಚಿ ಕೂತವಳು ಮತ್ತೆ ಏಳಲಿಲ್ಲ. ಉಳಿದವರೂ ಏಳಲಿಲ್ಲ. ಅಧಿಕಾರಿಗಳು ಚಹಾ ಕುಡಿದು ಹೋದರು.

ಮರುವರ್ಷ ಕಾಕಾನ ಅಂಗಡಿಗೆ ಹೋಗಿ, ಹೋದ ಸಲ ಆರಿಸಿದ್ದು ನಾನೇ ಎಂದು ಒಪ್ಪಿಕೊಂಡೆ.

"ಗೊತ್ತೈತಿ ಬಿಡ್ರಿ ಅಕ್ಕಾರ. ಈ ಸಲ ಮಾತಾಡಾಕಿ ಯಾರು?"

"ಹೋದ ಸಲದಾಕಿನ ಮಾತಾಡಿದ್ರ ಚಲೋ. ಆದ್ರ ಒಲ್ಲೆ ಅಂತಾಳ."

"ಮದಲ ಅಕಿ ಮನಿ ತೋರಸ್ರಿ."

ಅವಳ ಅಂಗಳದ ಬೇವಿನ ಗಿಡಕ್ಕೆ ಒಂದೇ ಹಾರ್ನ್ ಕಟ್ಟಿ, ಮೈಕನ್ನು ಅವಳ ಕೈಗಿಟ್ಟರು. "ಸಭಿ ಇರ್ಲಿ ತಂಗಿ. ನಿನ್ನ ಆಡು ಕರಿ ನೋಡೂಣು."

ಅವಳು ನಗುತ್ತಲೇ ಕರೆದಳು. ಹೊಲದಾಚೆ ಮೇಯುತ್ತಿದ್ದ ಆಡುಗಳು ತಲೆಯೆತ್ತಿ ಓಡಿ ಬಂದವು. ತನ್ನ ದನಿ ಅಷ್ಟು ದೂರ ಹೋಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಆಮೇಲೆ ಕಾಕಾ ಗಂಡನ ಸಂಗತಿ ಕೇಳಿದರು. ಹೇಳುತ್ತ ಹೇಳುತ್ತ ಮೈಕನ್ನು ಮರೆತಳು. ಮೂರು ಸಂಜೆ ಕಾಕಾ ಹೀಗೆ ಅವಳ ಮನೆಗೆ ಹೋದರು.

ಸಮಾವೇಶದ ದಿನ ಮೈಕಿನ ಕಂಬವನ್ನು ಅವಳ ಎತ್ತರಕ್ಕೆ ಇಳಿಸಿ, ಆಂಪ್ಲಿಫೈಯರಿನ ಪಕ್ಕ ಕೂತು ಮಾತಾಡೆಂಬಂತೆ ತಲೆಯಾಡಿಸಿದರು.

"ಸಾಹೇಬ್ರ, ನನ್ನ ಗಂಡ ಕುಡದು ಸತ್ತ. ಈಗ ಮಗ ಅದ ಅಂಗಡಿಗೆ ಹೊಂಟಾನ. ಮುಚ್ಚತೀರೋ ಇಲ್ಲೋ, ಇಲ್ಲೇ ಹೇಳ್ರಿ."

ಯಾರೂ ನಗಲಿಲ್ಲ. ಅವಳ ಹಿಂದೆಯೇ ಹನ್ನೊಂದು ಮಂದಿ ಹೆಂಗಸರು ಎದ್ದು ಮಾತಾಡಿದರು. ಅವಳ ಊರಿನ ಅಂಗಡಿ ಆ ಬೇಸಿಗೆಯಲ್ಲೇ ಮುಚ್ಚಿತು. ಉಳಿದ ಊರುಗಳಿಗೆ ವರ್ಷಗಳು ಬೇಕಾದವು.

ಕೊನೆಕೊನೆಗೆ ಕಾಕಾನಿಗೆ ಕಿವಿ ಕೇಳಿಸುತ್ತಿರಲಿಲ್ಲ. ನಾನು ಮಾತಾಡಿದರೆ ಬಾಯಿ ನೋಡಿ ತಲೆಯಾಡಿಸುತ್ತಿದ್ದರು... ತೀರಿಕೊಂಡದ್ದು ತಿಂಗಳ ಮೇಲೆ ತಿಳಿಯಿತು. ಮಣ್ಣು ಮಾಡುವಾಗ ಹೋಗಲಾಗಲಿಲ್ಲ.

ಈಗ ಸಂಘ ನಡೆಸುವ ಹುಡುಗಿ ಮೊನ್ನೆ ಮನೆಗೆ ಬಂದಿದ್ದಳು. ಈ ವರ್ಷದ ಸಮಾವೇಶಕ್ಕೆ ಪರದೆ, ಧ್ವನಿ, ನೇರ ಪ್ರಸಾರ ಎಲ್ಲ ನೋಡಿಕೊಳ್ಳುವ ಮೂರು ಕಂಪನಿಗಳನ್ನು ಫೋನಿನಲ್ಲಿ ತೋರಿಸಿ, "ಯಾರನ್ನ ಆರಸೂಣ್ರಿ ಅಕ್ಕಾರ?" ಎಂದಳು. ಮಾತಾಡುವವರ ಮನೆಗೆ ಮೊದಲು ಬರುತ್ತೀರಾ ಎಂದು ಕೇಳಲು ಹೇಳಿದೆ. ಅಲ್ಲೇ ಕೂತು ಮೂವರಿಗೂ ಫೋನ್ ಮಾಡಿದಳು.

"ಮೂರೂ ಮಂದಿ ಯಾಕ ಅಂತ ಕೇಳಿದ್ರರಿ."

ಯಾಕೆಂದು ನಾನು ವಿವರಿಸತೊಡಗಿದೆ. ಕಾಕಾ ಇದ್ದಿದ್ದರೆ ಇಷ್ಟು ಮಾತು ಬೇಕಾಗುತ್ತಿರಲಿಲ್ಲ. ಹಾರ್ನ್ ಹೆಗಲಿಗೇರಿಸಿ ಹೊರಟೇಬಿಡುತ್ತಿದ್ದರು.