ಯಾರದ್ರಿ ಈ ಸೀಸೆ?

ನೀರು ತುಂಬಿದೆ, ರೊಟ್ಟಿ ಬಡಿದೆ, ನನ್ನದೇ ಮೂತ್ರವನ್ನು ಸೀಸೆಗೆ ತುಂಬಿಕೊಂಡು ಮಗಳದೆಂದು ಹೇಳಲು ಕುಷ್ಟಗಿ ಬಸ್ಸು ಹತ್ತಿದೆ. ಎಂಬತ್ತರ ದಶಕದ ಮಾತು. ಆಸ್ಪತ್ರೆಯಲ್ಲಿ ಮೂತ್ರ ಕಾಯಿಸಿ ನೋಡುವ ಲ್ಯಾಬಿನವರು ಯಾರದನ್ನು ಕೊಟ್ಟರೂ ರೋಗ ಅಂತಾರೆಂದು ನನಗೆ ಸಂಶಯ.

ಹಿಂದಿನ ವಾರ, "ಮಗಳು ಮೈ ತುಂಬ್ಯಾಳ್ರಿ," ನಾನು ಅಂದಿದ್ದಕ್ಕೆ ಅವರು, "ಅದು ಬಾವು, ಯವ್ವಾ. ಒತ್ತಿದ್ರ ಕುಳಿ ಹಂಗ ಉಳಿತೈತಿ. ಕಿಡ್ನಿ ಅಂದ್ರ ಸಾಣಿಗಿ, ಹಿಟ್ಟಿನ ಜರಡಿ ಇದ್ದಂಗ. ಮೈಯಾಗಿನ ಯಾವುದೋ ರಸ 'ಬೆಳೀರಿ, ಬೆಳೀರಿ' ಅಂತೈತಿ. ಅದರಾಗಿನ ಜೀವಕಣ ಮಿತಿಮೀರಿ ಹೆಚ್ಚಿ ಸಾಣಿಗಿ ಕೆಡತೈತಿ, ಮೈಯಾಗಿನ ಸತ್ವ ಮೂತ್ರದಾಗ ಸೋರತೈತಿ. ಕಾಯಿಸಿದ್ರ ಒಡಿಯೋದು ಅದ," ಅಂದಿದ್ದರು. ಬೆಳೆಯುವುದೂ ರೋಗವೇ?

ಈ ದಿನವೂ ಅವರು ಎಂದಿನಂತೆ ಸೀಸೆಯನ್ನು ಬೆಳಕಿಗೆ ಹಿಡಿದು, "ಯಾರದ್ರಿ? ಖರೇ ಹೇಳ್ರಿ," ಅಂದರು.

"ಮಗಳದ್ರಿ."

ಕಾಯಿಸಿದರು. ಹೋದ ಸಲ ಮಗಳದು ಒಡೆದ ಹಾಲಿನಂತಾಗಿತ್ತು. ಇದು ತಿಳಿಯಾಗೇ ಉಳಿಯಿತು.

"ಇದು ನಿಮ್ಮದು. ನನ್ನ ಮ್ಯಾಲೆ ಅನುಮಾನ ಇರ್ಲಿ, ಆಕಿಗೆ ಉಪ್ಪು ಬಿಡಸ್ರಿ."

ಸಂಜೆ ಎಲ್ಲರೂ ಉಪ್ಪಿಲ್ಲದ ನುಚ್ಚು ಉಂಡೆವು. ಮಗಳು ಮೊದಲು ಮಲಗಿದಳು. ಅವಳ ಕಾಲನ್ನು ಹೆಬ್ಬೆರಳಿಂದ ಒತ್ತಿದೆ. ಕುಳಿ ಹಾಗೇ ಉಳಿಯಿತು.